ಹಳದಿ ಹಾಳೆ ಮನೆಗೆ, ಬಿಳಿ ಹಾಳೆ ಶಾಲೆಗೆ

ಬೆಳಗಿನ ಐದೂಮುಕ್ಕಾಲಿಗೆ ಕಲ್ಯಾಣದುರ್ಗದ ಬಸ್ಸು ರಂಗಲಕ್ಷ್ಮಮ್ಮನವರನ್ನು ಬ್ರಹ್ಮಸಮುದ್ರದಲ್ಲಿ ಇಳಿಸಿ ಹೋಗುತ್ತದೆ. ಆರೂವರೆಗೆ ಹೆಂಗಸರು ಕಳೆ ಕೀಳಲು ಆಟೋ ಹತ್ತಿಬಿಡುತ್ತಾರೆ. ಅಷ್ಟರೊಳಗೆ ಮೌನಿಕಾಳ ತಾಯಿ ಉಡುಸಲಮ್ಮನ ಒಲೆ ಮುಂದೆ ಕೂತು ಹದಿನೆಂಟು ಪ್ರಶ್ನೆ ಮುಗಿಸಬೇಕು.

"ಮೌನಿಕಾ ಸಾಮಾನು ಕಳ್ಕಂಡು ಬತ್ತಾಳಾ?"

"ಉಗಾದಿಯಿಂದ ಈಚೆಗೆ ಮೂರು ಜೊತೆ ಚಪ್ಲಿ ಕಣಕ್ಕ. ತಲೆ ಕತ್ತಿಗೆ ಅಂಟ್ಕಂಡೈತೆ, ಅದ್ಕೇ ಉಳ್ಕಂಡೈತೆ. ಏಟು ತಿಂತಾಳೆ, ಮತ್ತೆ ಮರೀತಾಳೆ."

ಹಳದಿ ಹಾಳೆಯಲ್ಲಿ 'ಯಾವಾಗಲೂ' ಎಂಬಲ್ಲಿ ಗುರುತು ಬೀಳುತ್ತದೆ.

ಹಿಂದೂಪುರದ ಮಕ್ಕಳ ಕ್ಲಿನಿಕ್ಕೊಂದಕ್ಕಾಗಿ ರಂಗಲಕ್ಷ್ಮಮ್ಮ ಆರು ವರ್ಷದಿಂದ ಮಾಡುತ್ತಿರುವ ಕೆಲಸ ಇದು. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ತೊಂದರೆ ಇರಬಹುದೆಂಬ ಮಕ್ಕಳ ಬಗ್ಗೆ ಹೆತ್ತವರ ಮಾತು ಹಳದಿ ಹಾಳೆಗೆ, ಶಿಕ್ಷಕರ ಮಾತು ಬಿಳಿ ಹಾಳೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಡಾಕ್ಟರು ಮಗುವನ್ನು ಕರೆಸುವುದು. ದಿನಕ್ಕೆ ಮೂರು ಮನೆ, ಎರಡು ಶಾಲೆ.

ಮೊದಲ ವರ್ಷ ಒಬ್ಬ ತಾಯಿಗೆ ಬಿಳಿ ಹಾಳೆಯನ್ನೇ ಮೊದಲು ಓದಿ ಹೇಳಿದ್ದರಂತೆ. "ಮೇಷ್ಟ್ರು ಹೇಳಿದ್ಮ್ಯಾಕೆ ಮುಗೀತು ಕಣಮ್ಮ. ಹದಿನೆಂಟಕ್ಕೂ ಹೂಂ ಅಂದ್ಬುಟ್ಳು. ಎರಡೂ ಹಾಳೆ ಹರಿದು ಹಾಕ್ದೆ," ಎನ್ನುತ್ತಾರೆ ರಂಗಲಕ್ಷ್ಮಮ್ಮ. ಅಂದಿನಿಂದ ಹಳದಿ ಮುಗಿಯುವ ತನಕ ಶಾಲೆಯ ಲಕೋಟೆ ಒಡೆಯುವುದಿಲ್ಲ.

ಇಂದು ಬಸ್‌ಸ್ಟಾಪಿನಲ್ಲಿ ಮೌನಿಕಾಳ ಶಾಲೆಯ ಲಕೋಟೆ ಒಡೆದು ನೋಡಿದರೆ ಎಲ್ಲಕ್ಕೂ 'ಎಂದೂ ಇಲ್ಲ'. ಹೀಗೆ ಎರಡು ಹಾಳೆ ಹೊಂದದ ಫೈಲು ಕ್ಲಿನಿಕ್ಕಿನಲ್ಲಿ ಅಡಿಗೆ ಸರಿಯುತ್ತದೆ. ಎಂಟು ವರ್ಷದ ಮೌನಿಕಾಗೆ ಇನ್ನಷ್ಟು ಏಟು. ಒಂಬತ್ತಕ್ಕೆ ರಂಗಲಕ್ಷ್ಮಮ್ಮ ಶಾಲೆಯಲ್ಲಿರುತ್ತಾರೆ.

"ಬಂಗಾರದಂಥ ಮಗು ಅಕ್ಕಾ," ಎನ್ನುತ್ತಾರೆ ನರೇಶ್ ಮೇಷ್ಟ್ರು. "ಒಂದು ಪೆನ್ಸಿಲ್ಲೂ ಕಳೆದಿಲ್ಲ."

ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬ. ದಿನವೂ ನಾಲ್ಕು ಗಂಟೆಗೆ ನಲವತ್ತೊಂದು ಮಕ್ಕಳ ಪೆನ್ಸಿಲ್ಲನ್ನೂ ಮೇಷ್ಟ್ರು ಅದರೊಳಗೆ ತೆಗೆದಿಡುತ್ತಾರೆ.

"ಕೈಯಾಗೆ ಬಿಟ್ರೆ ತಾನೇ ಸಾರ್ ಕಳೆಯೋದು? ಪುಸ್ತಕ ತಾನೇ ತೆಗೀತಾಳಾ?"

"ಪಕ್ಕದ ಶಿರೀಷಾ ತೆಗೆದುಕೊಡ್ತಾಳೆ." ಮೇಷ್ಟ್ರು ರಬ್ಬರ್ ಹುಡುಕುತ್ತಾರೆ. "ತಿದ್ದಿಕೊಡ್ತೀನಿ, ಇರಿ."

ರಂಗಲಕ್ಷ್ಮಮ್ಮ ಹಾಳೆ ಎಳೆದುಕೊಳ್ಳುತ್ತಾರೆ. "ತಿದ್ದಬ್ಯಾಡ್ರಿ ಸಾರ್. ನೀವು ಕಂಡದ್ದು ನೀವು ಬರ್ದೀರ. ಡಬ್ಬದ ವಿಷ್ಯ ನಾನು ಬರ್ಕಂತೀನಿ."

ಕೆಳಗಿನ ಖಾಲಿ ಜಾಗದಲ್ಲಿ ಡಬ್ಬ ಬರುತ್ತದೆ, ಶಿರೀಷಾಳೂ ಬರುತ್ತಾಳೆ. ಮಧ್ಯಾಹ್ನ ಫೋನಿನಲ್ಲಿ ಅಷ್ಟನ್ನೂ ಓದಿ ಹೇಳಿದ ಮೇಲೆ ಕ್ಲಿನಿಕ್ಕು ದಿನ ಕೊಡುತ್ತದೆ: ಗುರುವಾರ.

"ಮೌನಿಕಾನ ನಾನೇ ಕರ್ಕಂಡೋಯ್ತೀನಿ," ಎನ್ನುತ್ತಾರೆ ಫೋನಿನಲ್ಲೇ, ಹಾಳೆಗಳನ್ನು ಒಂದೇ ಲಕೋಟೆಗೆ ಸೇರಿಸುತ್ತ. "ಹಿಂದೂಪುರ ಸೇರೋಗಂಟ ಅವ್ಳ ಕಾಲಾಗೆ ಚಪ್ಲಿ ಇದ್ರೆ ಸಾಕು."