ಹಳಿಯ ಮೇಲೆ ಒಡೆದ ಶಂಖದ ಬಳೆ

ಕಳೆದ ವಾರ ಬಚ್ಚಲಲ್ಲಿ ಜಾರಿ ನನ್ನ ಮೊಣಕಾಲು ಬಾತುಕೊಂಡಿತು. ಸೊಸೆ ನೋವಿನ ಸ್ಪ್ರೇ ಡಬ್ಬಿ ತಂದು ಸೊಂಯ್ ಅಂತ ಹೊಡೆದಳು. ಮೊದಲು ಮಂಜುಗಡ್ಡೆ ಇಟ್ಟ ಹಾಗೆ ತಣ್ಣಗಾಯಿತು, ಆಮೇಲೆ ವಾಸನೆ ಬಂತು. ಪುದೀನ ಜಜ್ಜಿ ಸೀಮೆಎಣ್ಣೆಯಲ್ಲಿ ಅದ್ದಿದ ಹಾಗೆ. ಸೊಸೆ ಎಂತದೋ ಕೇಳುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಆ ವಾಸನೆಯನ್ನು ಹಿಂದೆ ನಾನು ಒಂದೇ ಸಲ ಮೂಸಿದ್ದು. ಕರ್ಸಿಯಾಂಗಿಗೆ ಹತ್ತುವ ಬೆಟ್ಟದ ರಸ್ತೆಯಲ್ಲಿ, ಮೇಲಿನ ಮನೆಯ ಬೌಮಾಳ ಕೈಯಿಂದ...

ಬೌಮಾ ಅಂದರೆ ಬಂಗಾಳಿಯಲ್ಲಿ ಸೊಸೆ. ಅವಳ ಅತ್ತೆ ಹಾಗೆ ಕರೆಯುತ್ತಿದ್ದಳು, ನಾನೂ ಹಾಗೇ ಕರೆದೆ. ಬಂಗಾಳದ ಟಾಲಿಗಂಜಿನಲ್ಲಿ ನಮ್ಮದು ಕೆಳಗಿನ ಮನೆ. ನಾನು ಉಡುಪಿ ಕಡೆಯವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ತೀರಿದ ಮೇಲೆ ಅವರ ಇಡ್ಲಿ ದೋಸೆಯ ಕೇಟರಿಂಗನ್ನು ನಾನೇ ನಡೆಸಿದೆ. ಆಗ ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಅಲ್ಲಿನವರಿಗೆ ಬೆಳಗ್ಗೆ ಬಿಸಿ ಇಡ್ಲಿ ಬೇಕು, ನನಗೆ ಕೆಲಸ ಬೇಕು. ಬೌಮಾ ಅಂಥ ಒಂದು ಕಂಪನಿಯಲ್ಲಿದ್ದಳು. ಗಂಡನಿಗೆ ಸರ್ಕಾರಿ ಕಛೇರಿ. ಕುಡಿತ ಇಲ್ಲ, ಬೀಡಿ ಇಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಮೀನಿನ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಮಸ್ಕಾರ ಮಾಡುತ್ತಿದ್ದ. ಅದೇ ಕೈಯಲ್ಲಿ ಅವಳನ್ನು ಹೊಡೆಯುತ್ತಿದ್ದ. ನಮ್ಮ ಅಡುಗೆಮನೆಯ ಮೇಲೆಯೇ ಅವರ ಕೋಣೆ. ಕುರ್ಚಿ ಬಿದ್ದ ಸದ್ದು ಬೇರೆ, ತಲೆ ಗೋಡೆಗೆ ತಾಗಿದ ಸದ್ದು ಬೇರೆ. ಸ್ವಲ್ಪ ದಿನಕ್ಕೆ ಗೊತ್ತಾಗುತ್ತದೆ. ನಾನು ಅಕ್ಕಿ ರುಬ್ಬುತ್ತಾ ಕೇಳಿದೆ, ಸುಮ್ಮನಿದ್ದೆ. ಓಣಿಯವರೂ ಸುಮ್ಮನಿದ್ದರು.

ಬೆಳಗಾದರೆ ಅವಳು ಓಡುತ್ತಿದ್ದಳು. ಢಾಕುರಿಯಾ ಕೆರೆಗೆ ಮೂರು ಸುತ್ತು. ಹಾಲಿಗೆ ಹೋದಾಗ ನಾನು ನೋಡಿದ್ದುಂಟು. ಓಟ ಚಂದ ಅಂತ ಹೇಳುವ ಹಾಗಿರಲಿಲ್ಲ. ಮೊಣಕೈ ಆಚೆಗೆ ಚಾಚಿ, ಹಲ್ಲು ಕಚ್ಚಿಕೊಂಡು, ಯಾರನ್ನೋ ತಳ್ಳಿಕೊಂಡು ಹೋಗುವ ಹಾಗೆ. ಒಂದು ದಿನ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತು. ಇವಳು ತಿರುಗಿ ದವಡೆಗೆ ಒದ್ದಳು. ನಾಯಿ ಕುಂಯ್‌ಗುಟ್ಟುತ್ತಾ ಹೋಯಿತು, ಇವಳು ರಕ್ತ ಸುರಿಸಿಕೊಂಡೇ ಮೂರನೆಯ ಸುತ್ತು ಮುಗಿಸಿದಳು. ನಾಯಿಗೆ ಒದೆಯಲು ಬರುವವಳಿಗೆ ಗಂಡನಿಗೆ ಯಾಕೆ ಬರುವುದಿಲ್ಲ ಅಂತ ಕೇಳಿದ್ದೆ. ಅವಳು ನಕ್ಕು ಕಾಲಿನ ರಕ್ತ ಒರೆಸಿಕೊಂಡಳು.

ಅವಳ ಕಂಪನಿಯಲ್ಲಿ ಭಾನುವಾರ ಭಾನುವಾರ ಓಡುವ, ಸೈಕಲ್ ತುಳಿಯುವ ಒಂದು ಗುಂಪು ಇತ್ತು. ಹದಿನಾಲ್ಕು ಜನ. ಯಾರೂ ಪಳಗಿದವರಲ್ಲ, ಹಿಂದಿನ ವರ್ಷ ಗೇರಿನ ಸೈಕಲ್ ಕೊಂಡವರು. ಅವರಿಗೆ ಬೆಟ್ಟ ಹತ್ತುವ ಆಸೆ ಆಯಿತು. ಸಿಲಿಗುರಿಯಿಂದ ಕರ್ಸಿಯಾಂಗಿಗೆ ಒಂದು ದಿನ ಸೈಕಲ್, ಮರುದಿನ ಅಲ್ಲಿ ಓಟ. ಅಡುಗೆಗೆ ಒಬ್ಬರು ಬೇಕು ಅಂದಾಗ ಬೌಮಾ ನನ್ನ ಹೆಸರು ಹೇಳಿದಳು. ಅತ್ತೆ ಒಪ್ಪಿದ್ದೂ ಅದಕ್ಕೇ. ಕೆಳಗಿನ ಮನೆಯ ಮದ್ರಾಸಿ ಮಾಶಿಮಾ ಜೊತೆಗಿರುತ್ತಾಳಲ್ಲ ಅಂತ. ಮಾಶಿಮಾ ಅಂದರೆ ಚಿಕ್ಕಮ್ಮ, ಅದಿರಲಿ. ನಾನು ಮದ್ರಾಸಿಯಲ್ಲ ಅಂತ ಇಪ್ಪತ್ತು ವರ್ಷ ಹೇಳಿ ಸಾಕಾಗಿತ್ತು.

ಅತ್ತೆಯ ಕಟ್ಟುಪಾಡು ಒಂದೇ. ಬಂಗಾಳಿ ಮುತ್ತೈದೆಯರ ಕೈಯಲ್ಲಿ ಬಿಳಿ ಶಂಖದ ಬಳೆ, ಕೆಂಪು ಬಳೆ ಇರುತ್ತವೆ, ನಮ್ಮ ಕರಿಮಣಿಯ ಹಾಗೆ. ಅದನ್ನು ಒಡೆಯುವುದು ಗಂಡ ಸತ್ತಾಗ ಮಾತ್ರ. ಸೈಕಲ್ ಹಿಡಿಯಲು ತೊಡಕಾಗುತ್ತದೆ, ನಾಲ್ಕು ದಿನ ತೆಗೆದಿಡುತ್ತೇನೆ ಅಂತ ಬೌಮಾ ಬೇಡಿಕೊಂಡಳು. ಅತ್ತೆ ಒಪ್ಪಲಿಲ್ಲ. ಹೋಗುವುದಾದರೆ ಹಾಕಿಕೊಂಡು ಹೋಗು, ಇಲ್ಲದಿದ್ದರೆ ಮನೆಯಲ್ಲಿರು ಅಂದಳು. ರೈಲಿನಲ್ಲಿ ಬೌಮಾ ನನ್ನ ಪಕ್ಕ ಕೂತು ಆ ಬಳೆಗಳ ಮೇಲೆ ಬಟ್ಟೆ ಸುತ್ತುತ್ತಿದ್ದಳು. "ಮಾಶಿಮಾ, ಇದೊಂದು ಸಲ ಸುಸೂತ್ರವಾಗಿ ಮುಗಿದರೆ ಮತ್ತೆಯೂ ಬಿಡುತ್ತಾರೆ. ಏನಾದರೂ ಎಡವಟ್ಟಾದರೆ ಕೆರೆಯ ಓಟವೂ ಹೋಯಿತು ಅಂತಲೇ ಲೆಕ್ಕ" ಅಂದಳು.

ಬೆಟ್ಟ ಚಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಇಷ್ಟು: ರಸ್ತೆಯ ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಏನೂ ಇಲ್ಲ. ಮಳೆಗಾಲದಲ್ಲಿ ಕುಸಿದ ಕಡೆ ಗುಡ್ಡದ ಚರ್ಮ ಸುಲಿದು ಹೋಗಿ, ಮರಗಳು ಬೇರು ಮೇಲೆ ಮಾಡಿ ಬಿದ್ದಿದ್ದವು. ತಿರುವಿನಲ್ಲಿ ಜೀಪುಗಳು ಹಾರ್ನ್ ಒತ್ತುತ್ತಾ ಮೈಮೇಲೆಯೇ ಬರುತ್ತಿದ್ದವು. ಪುಟ್ಟ ರೈಲಿನ ಹಳಿ ರಸ್ತೆಯನ್ನು ಅಲ್ಲಲ್ಲಿ ದಾಟುತ್ತಾ ಪಕ್ಕದಲ್ಲೇ ಹತ್ತುತ್ತಿತ್ತು. ನಾನು ಇಡ್ಲಿ ಪಾತ್ರೆ, ಗ್ಯಾಸ್ ಸಿಲಿಂಡರ್ ಜೊತೆ ಹಿಂದಿನ ಜೀಪಿನಲ್ಲಿ. ಹತ್ತು ಗಂಟೆಗೆ ಗಂಡಸರು ಒಬ್ಬೊಬ್ಬರಾಗಿ ಇಳಿದು ಸೈಕಲ್ ತಳ್ಳತೊಡಗಿದರು. ಒಬ್ಬ ಮೋರಿಯ ಮೇಲೆ ಕೂತು ವಾಂತಿ ಮಾಡಿದ. ಬೌಮಾ ಇಳಿಯಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಳಿಯುತ್ತಿದ್ದಳು. ಮೂಗಿನಿಂದ ನೀರು, ಬಾಯಿಯಿಂದ ಜೊಲ್ಲು. ಪಕ್ಕಕ್ಕೆ ಬಂದಾಗ ನಾನು ಜೀಪಿನಿಂದ, ಎಂತ ಮಾರಾಯ್ತಿ, ಯಾರನ್ನೋ ಬಡಿಯುವ ಹಾಗೆ ತುಳಿಯುತ್ತೀಯಲ್ಲ ಅಂದೆ.

"ಬಡಿಯುತ್ತಲೇ ಇದ್ದೇನೆ ಮಾಶಿಮಾ" ಅಂದಳು.

ಅದಾಗಿ ಎರಡನೆಯ ತಿರುವಿನಲ್ಲಿ ಕೆಳಗಿಳಿಯುವ ಜೀಪೊಂದು ತೀರ ಈಚೆ ಬಂತು. ಬೌಮಾ ಗೋಡೆಯ ಕಡೆಗೆ ತಿರುಗಿಸಿದಳು, ಚಕ್ರ ಹಳಿಗೆ ಸಿಕ್ಕಿತು, ಎತ್ತಿ ಒಗೆದ ಹಾಗೆ ಚರಂಡಿಗೆ ಬಿದ್ದಳು. ಕೆನ್ನೆ ತರಚಿತ್ತು, ಗಲ್ಲ ಸೀಳಿತ್ತು. ಅದು ದೊಡ್ಡದಲ್ಲ. ಎಡಗೈ ಮಣಿಕಟ್ಟು ನಾವು ನೋಡುತ್ತಿದ್ದ ಹಾಗೆಯೇ ಬದನೆಕಾಯಿಯಷ್ಟು ಊದಿತು. ಗುಂಪಿನವನೊಬ್ಬ ಆ ಸ್ಪ್ರೇ ಹೊಡೆದ. ಊತ ನಿಲ್ಲಲಿಲ್ಲ. ಬಳೆಗಳು ಮಾಂಸದೊಳಗೆ ಕಚ್ಚಿಕೊಂಡವು, ಬೆರಳುಗಳು ನೀಲಿಗೆ ತಿರುಗಿದವು. ಸೋಪು ಹಚ್ಚಿದರು, ನಾನು ತೆಂಗಿನೆಣ್ಣೆ ಸುರಿದೆ. ಜಗ್ಗಿದರೆ ಅವಳು ಕಿರುಚಿದಳು. ಕೆಳಗಿನ ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ಅವರೆಲ್ಲ ಇಂಗ್ಲಿಷಿನಲ್ಲಿ ಚರ್ಚೆ ಮಾಡತೊಡಗಿದರು.

ಜೀಪಿನಲ್ಲಿ ಶುಂಠಿ ಜಜ್ಜುವ ಕಬ್ಬಿಣದ ಕುಟ್ಟಾಣಿ ಇತ್ತು. ತಂದೆ. ಅವಳ ಕೈಯನ್ನು ಎಳೆದು ರೈಲಿನ ಹಳಿಯ ಮೇಲೆ ಇಟ್ಟೆ. ಒಬ್ಬ ಬಂಗಾಳಿ ಹುಡುಗ ನನ್ನ ರಟ್ಟೆ ಹಿಡಿದುಕೊಂಡ. ಬೇಡ ಮಾಶಿಮಾ, ಇದು ಅಪಶಕುನ, ಗಂಡ ಇದ್ದಾನೆ ಅಂದ. ಬಳೆ ಯಾವಾಗ ಒಡೆಯುತ್ತಾರೆ ಅಂತ ನನಗೆ ಗೊತ್ತಿಲ್ಲವೇ? ನನ್ನ ಬಳೆ ಒಡೆದವರ ಮುಖ ಈಗಲೂ ನೆನಪಿದೆ. ನಾನು ಬೌಮಾಳ ಮುಖ ನೋಡಿದೆ. ಅವಳು ಕುಟ್ಟಾಣಿಯನ್ನೇ ನೋಡುತ್ತಿದ್ದಳು.

"ಒಡೆಯಿರಿ" ಅಂದಳು.

ಎರಡು ಏಟು. ಬಿಳಿಯದು ಚೂರಾಯಿತು, ಕೆಂಪಿನದು ಎರಡಾಯಿತು. ಒಂದು ಚೂರು ಮಾಂಸಕ್ಕೆ ನಟ್ಟಿತ್ತು, ಅದನ್ನು ಉಗುರಿನಿಂದ ಕಿತ್ತೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ಬಣ್ಣ ಬಂತು. ಮೂಳೆ ಮುರಿದಿರಲಿಲ್ಲ. ನನ್ನ ಹಳೇ ಸೀರೆ ಹರಿದು ಕೈಯನ್ನು ಎದೆಗೆ ಕಟ್ಟಿದೆ. ಜೀಪಿಗೆ ಹತ್ತು ಅಂದರೆ, ಸೈಕಲನ್ನು ಜೀಪಿಗೆ ಹಾಕಿಸಿ ಅವಳು ಓಡತೊಡಗಿದಳು. ಒಂದು ಕೈ ಕಟ್ಟಿಕೊಂಡು, ಗಲ್ಲದಿಂದ ರಕ್ತ ಇಳಿಸಿಕೊಂಡು, ಉಳಿದ ಏರು ಪೂರ್ತಿ. ನಾವು ಹಿಂದಿನಿಂದ ಬಂದೆವು, ಡ್ರೈವರ್ ಹಾರ್ನ್ ಮಾಡಲಿಲ್ಲ. ಮೇಲೆ ಹೋದರೆ ಎಲ್ಲ ಕಡೆ ಮೋಡ, ಹಿಮದ ಬೆಟ್ಟ ಕಾಣಲಿಲ್ಲ. ಅವಳು ರಸ್ತೆಯಲ್ಲೇ ಕೂತು ಒಂಬತ್ತು ಇಡ್ಲಿ ತಿಂದಳು. ಅಷ್ಟು ಖುಷಿಯಾಗಿದ್ದ ಹೆಣ್ಣನ್ನು ನಾನು...

ಹಿಂದಿರುಗುವಾಗ ಸಿಲಿಗುರಿ ಪೇಟೆಯಲ್ಲಿ ಒಂದು ಅಳತೆ ದೊಡ್ಡದಾದ ಬಿಳಿ, ಕೆಂಪು ಬಳೆ ಕೊಂಡು, ಹಲ್ಲು ಕಚ್ಚಿ ತೊಟ್ಟುಕೊಂಡಳು. ಬಿದ್ದದ್ದು ಹೇಳಬಹುದು, ಒಡೆದದ್ದು ಹೇಳಬಾರದು ಅಂತ ನಮ್ಮಿಬ್ಬರ ಒಪ್ಪಂದ. ಅತ್ತೆಗೆ ಗೊತ್ತಾಗಲಿಲ್ಲ. ಒಂದು ತಿಂಗಳು ಕಳೆಯಿತು. ಅವಳು ಕೆರೆಯ ಸುತ್ತ ಓಡುತ್ತಲೇ ಇದ್ದಳು. ಈ ನಡುವೆ ಅವಳ ಗಂಡ ಬಸ್ಸಿನ ಫುಟ್‌ಬೋರ್ಡಿನಿಂದ ಬಿದ್ದು ಭುಜ ಜಾರಿಸಿಕೊಂಡ. ಅದನ್ನು ಬಳೆಗೆ ಗಂಟು ಹಾಕಲು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ತಾರಸಿಯಲ್ಲಿ ನಾನು ಹಪ್ಪಳ ಒಣಗಿಸುತ್ತಿದ್ದೆ, ಅತ್ತೆ ಬಟ್ಟೆ ಹರಡುತ್ತಿದ್ದಳು. ಸೊಸೆಯನ್ನು ಆಡಿಕೊಳ್ಳಲು ಶುರು ಮಾಡಿದಳು. ಬೆಟ್ಟ ಹತ್ತುವುದಂತೆ, ಗಂಡಸರ ಜೊತೆ ಜೀಪಿನಲ್ಲಿ ಕೂತು ಚಾ ಕುಡಿದು ಬಂದಿರುತ್ತಾಳೆ, ಸೈಕಲ್ ಬರೀ ಫೋಟೋಕ್ಕೆ ಅಂದಳು. ನನ್ನ ಮೈ ಉರಿಯಿತು. ನಿನ್ನ ಮಗನಿಗೆ ಮೂರು ಮಹಡಿ ಹತ್ತಿದರೆ ಏದುಸಿರು, ಆ ಹುಡುಗಿ ಕೈ ಊದಿ ಬಳೆ ಒಡೆಯಬೇಕಾಗಿ ಬಂದರೂ ನಿಲ್ಲಲಿಲ್ಲ, ಓಡಿಕೊಂಡೇ ತುದಿ ಮುಟ್ಟಿದಳು ಅಂದೆ. ಹೆಮ್ಮೆಯಿಂದ ಅಂದೆ. ನನ್ನ ಸ್ವಂತ ಮಗಳೋ ಎಂಬ ಹಾಗೆ.

ಅತ್ತೆಯ ಕೈಯಲ್ಲಿ ಒದ್ದೆ ಪಂಚೆ ಹಾಗೇ ನಿಂತಿತು. "ಯಾರು ಒಡೆದದ್ದು?"

"ನಾನೇ." ಅಷ್ಟು ಹೊತ್ತಿಗೆ ನಾಲಗೆ ಕಚ್ಚಿಕೊಂಡೆ. ಅವಳು ಬಕೆಟ್ಟು ಅಲ್ಲೇ ಬಿಟ್ಟು ಕೆಳಗಿಳಿದಳು.

ಬೌಮಾಳ ಆಫೀಸಿಗೆ ಫೋನ್ ಮಾಡಿಸಬಹುದಿತ್ತು. ಬರಬೇಡ, ಅಮ್ಮನ ಮನೆಗೆ ಹೋಗು ಅನ್ನಬಹುದಿತ್ತು. ಮಾಡಲಿಲ್ಲ. ಬೈದು ಬಿಡುತ್ತಾರೆ ಅಂದುಕೊಂಡು ದೋಸೆ ಹಿಟ್ಟು ಕಲಸಲು ಕೂತೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಲಿನ ಮನೆಯಲ್ಲಿ ಎಂದಿನಂತೆ ಶಂಖ ಊದಿದರು. ಮೂರು ಸಲ. ಅದು ನಿಂತದ್ದೇ ಅವಳ ಕೂಗು ಕೇಳಿತು. ಅಂಥ ಕೂಗು ನಾನು ಕಾಳಿಘಾಟಿನಲ್ಲಿ ಆಡು ಕಡಿಯುವಾಗಲೂ ಕೇಳಿಲ್ಲ. ಕೈಯಲ್ಲಿದ್ದ ಸಟ್ಟುಗ ಹಿಡಿದೇ ಓಡಿದೆ. ಬಾಗಿಲು ತೆರೆದೇ ಇತ್ತು. ಅತ್ತೆ ಅವಳ ತಲೆಗೂದಲನ್ನು ಕೈಗೆ ಸುತ್ತಿ ನೆಲಕ್ಕೆ ಒತ್ತಿ ಹಿಡಿದಿದ್ದಳು. ಮಗ ಮಸಾಲೆ ಅರೆಯುವ ಗುಂಡುಕಲ್ಲನ್ನು ಒಳ್ಳೆಯ ಕೈಯಲ್ಲಿ ಎತ್ತಿ, ಅವಳ ಬಲಗಾಲಿನ ಹರಡಿನ ಮೇಲೆ ಹಾಕುತ್ತಿದ್ದ. ಸಿಟ್ಟಿನವರ ಹಾಗೆ ಅಲ್ಲ. ತೆಂಗಿನಕಾಯಿ ಒಡೆಯುವವರ ಹಾಗೆ, ಜಾಗ ನೋಡಿ. ಕಾಲು ಆಗಲೇ ಕಾಲಿನ ಹಾಗಿರಲಿಲ್ಲ.

ನಾನು ಸಟ್ಟುಗದ ಅಂಚಿನಿಂದ ಅವನ ಮುಖಕ್ಕೆ ಹೊಡೆದೆ. ತುಟಿ ಸೀಳಿತು. ಮತ್ತೆ ಹೊಡೆದೆ, ಹಲ್ಲು ಬಿತ್ತು. ಮೂರನೆಯದಕ್ಕೆ ಅವನು ಕೂಗಿದ. ಅವಳು ಕೂಗಿದಾಗ ಬಾರದ ಓಣಿಯವರು ಅವನು ಕೂಗಿದಾಗ ಬಂದರು. ಮೆಟ್ಟಿಲಿನಿಂದ ಬಿದ್ದಳು ಅಂತ ಅತ್ತೆ ಪೊಲೀಸರಿಗೆ ಹೇಳಿದಳು. ನಾನು ಕಲ್ಲು ತೋರಿಸಿದೆ. ನನ್ನ ಕೈಯ ಸಟ್ಟುಗ ನೋಡಿ ಅವರು ನನ್ನನ್ನೇ ಮೊದಲು ಠಾಣೆಯಲ್ಲಿ ಕೂರಿಸಿದರು.

ಆಸ್ಪತ್ರೆಗೆ ಒಂದೇ ಸಲ ಹೋದೆ. ಕಾಲಿಗೆ ಸರಳು ಹಾಕಿದ್ದರು. ನಡೆಯುತ್ತಾಳೆ, ಓಟ ಮರೆತುಬಿಡಿ ಅಂತ ಡಾಕ್ಟರು ಅವಳ ಅಣ್ಣನಿಗೆ ಹೇಳಿದ್ದರಂತೆ. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಯಾಕೆ ಹೇಳಿದಿರಿ ಮಾಶಿಮಾ?"

ನಿನ್ನನ್ನು ಹೊಗಳಲಿಕ್ಕೆ ಅಂದೆ. ಬೇರೆ ಎಂತ ಹೇಳುವುದು? ಇದ್ದದ್ದೇ ಅದು. ಅವಳು ಗೋಡೆಯ ಕಡೆ ತಿರುಗಿದಳು. ಅಣ್ಣ ಅವಳನ್ನು ಕರೆದುಕೊಂಡು ಹೋದ, ಮದುವೆ ಕೋರ್ಟಿನಲ್ಲಿ ಮುಗಿಯಿತು. ಆಮೇಲೆ ಯಾವ ಊರೋ, ಯಾವ ಕಂಪನಿಯೋ... ಒಂದು ಕಾಗದ ಇಲ್ಲ. ಬರೆಯಬೇಕು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಪೊಲೀಸರ ಕಾಗದದಲ್ಲಿ ಮೆಟ್ಟಿಲಿನಿಂದ ಬಿದ್ದದ್ದು ಅಂತಲೇ ಉಳಿಯಿತು. ನಾವೂ ಅದೇ ಮನೆಯಲ್ಲಿದ್ದೇವೆ, ಅವರೂ ಮೇಲೆಯೇ ಇದ್ದಾರೆ. ಅವನು ಮತ್ತೆ ಮದುವೆಯಾದ. ಈ ಬೌಮಾ ಮೆಟ್ಟಿಲಲ್ಲಿ ಸಿಕ್ಕರೆ ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಲ್ಲುತ್ತಾಳೆ. ಒಮ್ಮೆ ಅವಳ ಕುತ್ತಿಗೆಯಲ್ಲಿ ನೀಲಿ ಗುರುತು ಕಂಡು ಎಂತ ಆಯಿತು ಅಂತ ಕೇಳಿದೆ. ಏನೂ ಇಲ್ಲ ಅಂದು ಹತ್ತಿ ಹೋದಳು. ಎರಡೂ ಮನೆಗೆ ಬರುವ ಕೆಲಸದವಳು ಆಮೇಲೆ ಹೇಳಿದಳು, ಕೆಳಗಿನ ಮುದುಕಿಗೆ ಏನನ್ನೂ ಹೇಳಬೇಡ, ಅವಳ ಬಾಯಿಂದಲೇ ಮೊದಲಿನವಳ ಕಾಲು ಹೋದದ್ದು ಅಂತ ಅತ್ತೆ ಇವಳಿಗೆ ಹೇಳಿಕೊಟ್ಟಿದ್ದಾಳಂತೆ. ಸುಳ್ಳು ಅನ್ನಲು ನನಗೆ ಬರಲಿಲ್ಲ.