ಹಿಂದಕ್ಕೆ ಮುಖ ಮಾಡಿ ಕೂತ ಕೂಸು

ಬೆಂಗಳೂರಿನ ಅಂಚಿನ ಚಂದಾಪುರಕ್ಕೆ ಬಂದು ಪಾತ್ರೆಯ ಚೀಲ ಇನ್ನೂ ಬಿಚ್ಚಿರಲಿಲ್ಲ, ಆಗಲೇ ತನ್ನ ಅವ್ವನ ತೊಡೆಯ ಮೇಲಿದ್ದ ಕೂಸೊಂದು ಹಾರಿಹೋಗಿ ಗಾಜಿಗೆ ಬಡಿಯುವುದನ್ನು ನೋಡಿದೆ.

ಅಂದು ನಮ್ಮವರ ಕಾರ್ಖಾನೆಯಲ್ಲಿ ಆಯುಧಪೂಜೆ. ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ, ಬಾಗಿಲಲ್ಲಿ ಒಡೆದ ಬೂದುಗುಂಬಳ, ಹೊಸ ಸೀರೆ ಉಟ್ಟು ಪ್ರಸಾದಕ್ಕೆ ಸಾಲು ನಿಂತ ಹೆಂಡಂದಿರು. ಕಾರಿನ ಸೀಟು, ಬೆಲ್ಟು ಪರೀಕ್ಷೆ ಮಾಡುವ ಜಾಗ ಅದು. ಪೂಜೆಯ ದಿನ ಯಂತ್ರ ಓಡಿಸುವಂತಿಲ್ಲ, ಅದಕ್ಕೆ ಹಿಂದೆಂದೋ ಮಾಡಿದ ಪರೀಕ್ಷೆಯನ್ನು ದೊಡ್ಡ ಪರದೆಯ ಮೇಲೆ ನಿಧಾನವಾಗಿ ತೋರಿಸುತ್ತಿದ್ದರು. ಸೀಟು ಹೊತ್ತ ಬಂಡಿ ಹಳಿಯ ಮೇಲೆ ಓಡಿಬಂದು ಗಕ್ಕನೆ ನಿಂತಿತು. ತಬ್ಬಿಕೊಂಡಿದ್ದ ಅವ್ವನ ಎರಡೂ ಕೈಗಳಿಂದ ಕೂಸು ನುಣುಚಿ ಹೋಯಿತು. "ಅಯ್ಯಯ್ಯ ಯವ್ವಾ!" ಅಂತ ನಾನು ಚೀರಿದ್ದಕ್ಕೆ ಪ್ರಸಾದದ ಸಾಲಿಗೆ ಸಾಲೇ ತಿರುಗಿ ನೋಡಿತು.

"ಗೊಂಬಿ ಅದು. ಇಬ್ರೂ ಗೊಂಬಿನ. ಸುಮ್ಮನಿರು" ಅಂದರು ನಮ್ಮವರು, ಮುಖ ಕೆಂಪಗೆ ಮಾಡಿಕೊಂಡು.

ಆ ಕೂಸಿನ ಗೊಂಬೆ ಅಲ್ಲೇ ಮೂಲೆಯ ಕುರ್ಚಿಯಲ್ಲಿತ್ತು. ಯಾರೋ ಅದರ ಹಣೆಗೂ ಕುಂಕುಮ ಇಟ್ಟು, ಕಿವಿಯ ಬಳಿ ಒಂದು ಹೂವು ಸಿಕ್ಕಿಸಿದ್ದರು. ಎತ್ತಿಕೊಳ್ಳಲು ಬಿಟ್ಟರು. ದೇವರಾಣೆ, ವರ್ಷ ತುಂಬದ ನಮ್ಮ ಮಗಳು ಪುಟ್ಟಿಯಷ್ಟೇ ಭಾರ! ಕುತ್ತಿಗೆಯೂ ಹಾಗೇ ವಾಲುತ್ತದೆ. ಊರಲ್ಲಿ ನಾನು ನೋಡಿದ ಗೊಂಬೆಗಳೆಲ್ಲ ಮಕ್ಕಳ ಆಟಕ್ಕೆ. ಇದು ಮಕ್ಕಳ ಬದಲಿಗೆ ಪೆಟ್ಟು ತಿನ್ನಲು ಹುಟ್ಟಿದ ಗೊಂಬೆ. ಎಲ್ಲೋ ಇರುವ, ಯಾರದೋ ಮಕ್ಕಳಿಗಾಗಿ ಇದನ್ನು ಕೂತು ಮಾಡಿದವರನ್ನು ನೆನೆದು ನನಗೆ ಕೈಮುಗಿಯಬೇಕೆನ್ನಿಸಿತು, ಮುಗಿದೆ ಕೂಡ.

ನಿಮಗೆ ಗೊತ್ತಲ್ಲ, ನಮ್ಮ ಹುನಗುಂದದ ಕಡೆ ಕೂಸಿನ ಜಾಗ ಅಂದರೆ ತೊಡೆ. ಟಂಟಂ ಆಟೋ ಇರಲಿ, ಜೀಪಿರಲಿ, ಹತ್ತಿದ ಕೂಡಲೇ ಗುರುತಿಲ್ಲದವರೂ "ತಾ ಇಲ್ಲೆ" ಅಂತ ಕೈ ಚಾಚುತ್ತಾರೆ. ಇಳಿಯುವಷ್ಟರಲ್ಲಿ ಕೂಸು ನಾಲ್ಕು ತೊಡೆ ದಾಟಿರುತ್ತದೆ. ಇಲ್ಲಿ ಯಾರೂ ಕೈ ಚಾಚುವುದಿಲ್ಲ. ಕೂಸಿಗೆ ಇಲ್ಲಿ 'ಪಾಪು' ಅಂತಾರೆ. ಲಿಫ್ಟಿನಲ್ಲಿ "ಪಾಪು ಹೆಸ್ರೇನು?" ಅಂತ ಕೇಳಿ, ಉತ್ತರ ಬರುವುದರೊಳಗೆ ಇಳಿದು ಹೋಗಿರುತ್ತಾರೆ. ಜೋಳದ ಹಿಟ್ಟಿಗೆ ಎರಡು ಬಸ್ಸು ಬದಲಿಸಬೇಕು. ನನ್ನ ಮಾತು ಕೇಳಿ ತರಕಾರಿಯವಳು "ಯಾವ ಕಡೆಯವ್ರಕ್ಕ ನೀವು, ಜಗಳ ಆಡ್ತಾ ಇದೀರಾ?" ಅನ್ನುತ್ತಾಳೆ. ಜಗಳವೇನು, ಸೊಪ್ಪು ಕೇಳಿದ್ದೆ ಅಷ್ಟೆ. ಮೊದಲ ಎರಡು ತಿಂಗಳು ಮಧ್ಯಾಹ್ನ ಆದರೆ ಸಾಕು, ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಮತ್ತೆ ಆ ಹೊಸೂರು ರಸ್ತೆ! ಅದರ ಪಕ್ಕ ನಿಂತರೆ ಅಂಗಾಲು ನಡುಗುತ್ತದೆ. ಕಂಟೇನರ್ ಲಾರಿಗಳ ನಡುವೆ ನಮ್ಮ ಸಣ್ಣ ಹಳೇ ಕಾರಿನಲ್ಲಿ ದಿನಾ ಪುಟ್ಟಿಯನ್ನು ಎಲೆಕ್ಟ್ರಾನಿಕ್ ಸಿಟಿಯ ಶಿಶುವಿಹಾರಕ್ಕೆ ಬಿಟ್ಟು ನಾನು ಶಾಲೆಯ ಕೆಲಸಕ್ಕೆ ಹೋಗಬೇಕು. ಹಾರಿಹೋದ ಆ ಗೊಂಬೆ ಕಣ್ಣಿಗೆ ಕಟ್ಟಿಬಿಟ್ಟಿತ್ತು. "ಎಲ್ಲಾದರಕಿಂತ ಭದ್ರ ಇರೋ ಸೀಟು ಯಾವುದದ, ಅದನ್ನ ತರ್ರಿ" ಅಂತ ಹಟ ಹಿಡಿದೆ.

"ಹಂಗ ಒಂದ ಸೀಟು ಇರಂಗಿಲ್ಲ" ಅಂದರು ನಮ್ಮವರು. "ನಮ್ಮ ಕೂಸಿಗೆ ಹೊಂದಬೇಕು, ನಮ್ಮ ಗಾಡಿಗೆ ಹೊಂದಬೇಕು, ದಿನಾ ತಪ್ಪಿಲ್ಲದಂಗ ಕಟ್ಟಾಕ ನಿನಗ ಬರಬೇಕು. ಅದ ಭದ್ರ ಸೀಟು."

ಅಂಗಡಿಯ ಹುಡುಗಿಯೂ ಅದನ್ನೇ ಅಂದಳು: "ಮೇಡಂ, ಬಣ್ಣ ಆಮೇಲೆ ನೋಡೋಣ. ಪಾಪು ವೆಯ್ಟೆಷ್ಟು, ಹೈಟೆಷ್ಟು ಹೇಳಿ. ಕಾರನ್ನ ಬಾಗಿಲಿಗೇ ತನ್ನಿ, ಕೂರಿಸಿ ನೋಡ್ಬಿಡಣ." ನನಗೆ ಹಿಡಿಸಿದ ಗುಲಾಬಿ ಸೀಟು ನಮ್ಮ ಕಾರಿನಲ್ಲಿ ಅಲ್ಲಾಡಿತು. ಕಡೆಗೆ ಒಂದು ಬೂದು ಬಣ್ಣದ್ದು, ಪರೀಕ್ಷೆಯಲ್ಲಿ ಪಾಸಾದ ಗುರುತಿನ ಚೀಟಿ ಅಂಟಿಸಿದ್ದು, ಹಿಂದಿನ ಸೀಟಿನ ಸಂದಿಯ ಕಬ್ಬಿಣದ ಕೊಂಡಿಗಳಿಗೆ ಕಟಕ್ ಎಂದು ಕಚ್ಚಿಕೊಂಡಿತು. ನಾನು ಜಗ್ಗಿದರೆ ಸೀಟಲ್ಲ, ಕಾರೇ ಅಲ್ಲಾಡಿತು. ಖುಷಿಗೆ ಅಲ್ಲೇ ಚಪ್ಪಾಳೆ ಹೊಡೆದೆ.

ಆದರೆ ಕೂಸು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಗಕ್ಕನೆ ನಿಂತಾಗ ಪೆಟ್ಟು ಎಳೆಯ ಕುತ್ತಿಗೆಗೆ ಬೀಳದೆ, ಸೀಟಿನ ಬೆನ್ನು ಇಡೀ ಮೈಯನ್ನು ಹಿಡಿದುಕೊಳ್ಳುತ್ತದಂತೆ. ನಮ್ಮ ಮನೆ ಓನರ್ ರತ್ನಕ್ಕ, ಹುಟ್ಟಿದಾಗಿನಿಂದ ಚಂದಾಪುರದವರು, ಗೇಟಿನಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. "ಅಯ್ಯೋ, ಮಗೀನ ಇಂಗೆ ತಿರುಗ್ಸಿ ಕಟ್ಟಾಕ್ಬಿಟ್ರೆ ಅದು ಯಾರ ಮುಖ ನೋಡ್ತದಮ್ಮಾ?"

ದೀಪಾವಳಿ ಮುಗಿದ ಮೇಲೆ ಊರಿನಿಂದ ದೊಡ್ಡವ್ವ ಬಂದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದಾಕೆ, ಪುಟ್ಟಿಗೆ 'ಆಯಿ', ಅಂದರೆ ಅಜ್ಜಿ. ತನ್ನ ಹಳೇ ಇಳಕಲ್ ಸೀರೆಗಳನ್ನು ಪದರ ಹಾಕಿ, ಪುಟ್ಟಿಗೆಂದು ಕೈಯಲ್ಲೇ ಕೌದಿ ಹೊಲಿದು ತಂದಿದ್ದಳು. ಸೀಟನ್ನು ಒತ್ತಿ ನೋಡಿ, "ಕಲ್ಲ ಆಗೇದಲ್ಲ, ಕೂಸಿನ ಬೆನ್ನು ಏನಾದೀತು!" ಅಂತ ಕೌದಿಯನ್ನು ಮಡಿಸಿ ಸೀಟಿಗೆ ಹಾಸಿದಳು. ನಾನೂ ಅದರ ಮೇಲೇ ಪುಟ್ಟಿಯನ್ನು ಕೂರಿಸಿ ಬೆಲ್ಟು ಬಿಗಿದೆ. ಚೆನ್ನಾಗಿಯೇ ಬಿಗಿಯಿತು. ಕೂಸು ಮೆತ್ತಗೆ ಕೂತು ನಕ್ಕಿತು. ಸುಮಾರು ಒಂದು ವಾರ ಹಾಗೇ ಓಡಾಡಿದೆವು.

ಭಾನುವಾರ ಕಾರು ತೊಳೆಯಲು ಇಳಿದ ನಮ್ಮವರು ಅದನ್ನು ನೋಡಿ ಬೆಚ್ಚಿಬಿದ್ದರು. ಒಂದು ಮಾತೂ ಬೈಯಲಿಲ್ಲ. "ದೊಡ್ಡವ್ವಾ, ಸ್ವಲ್ಪ ಇಲ್ಲಿ ಬರ್ರಿ" ಅಂದರು. ಕೌದಿಯ ಮೇಲೆ ಪುಟ್ಟಿಯನ್ನು ಕೂರಿಸಿ ಬೆಲ್ಟು ಗಟ್ಟಿ ಬಿಗಿದರು. ಆಮೇಲೆ ಬೆಲ್ಟನ್ನು ಸಡಿಲಿಸದೆ ಕೂಸನ್ನು ಹೊರಗೆ ತೆಗೆದು, ಕೌದಿ ಎಳೆದು, ಮತ್ತೆ ಅದೇ ಅಳತೆಯ ಬೆಲ್ಟಿಗೆ ಹಾಕಿದರು. "ಈಗ ಕೈ ಹಾಕಿ ನೋಡ್ರಿ." ದೊಡ್ಡವ್ವನ ಅಂಗೈ ಬೆಲ್ಟಿಗೂ ಕೂಸಿನ ಎದೆಗೂ ನಡುವೆ ಸಲೀಸಾಗಿ ಹೋಯಿತು. ಜೋರಾಗಿ ಬಡಿದಾಗ ಕೌದಿ ಅಪ್ಪಚ್ಚಿಯಾಗುತ್ತದೆ, ಉಳಿಯುವುದು ಆ ಸಡಿಲು. ಕೂಸು ನುಣುಚಲು ಅಷ್ಟು ಸಾಕು.

ದೊಡ್ಡವ್ವ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಈಗ ಅಳುತ್ತಾಳೆ, ನಾಳೆಯ ಬಸ್ಸಿಗೇ ಹೊರಡುತ್ತಾಳೆ ಅಂದುಕೊಂಡೆ. ಆಕೆ ನಿಧಾನವಾಗಿ ಕೇಳಿದಳು: "ನಾ ಎತ್ತಿಕೊಂಡರೂ ಹಿಂಗ ಏನಪಾ? ನನ್ನ ಕೈಯಾಗಿಂದೂ ಜಾರತದ?"

"ಹೌದು ದೊಡ್ಡವ್ವ. ಯಾರ ಕೈಯಾಗಿಂದಾದ್ರೂ."

ದೊಡ್ಡವ್ವ ತಾನೇ ಬೆಲ್ಟಿನ ತುದಿ ಹಿಡಿದು ಎಳೆದಳು. ಭುಜದ ಹತ್ತಿರ ಎರಡು ಬೆರಳಲ್ಲಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗದಷ್ಟು ಬಿಗಿದಳು. ಆಮೇಲೆ ಕೌದಿಯನ್ನು ಬೆಲ್ಟಿನ ಮೇಲಿಂದ ಹೊದಿಸಿ, "ಹಿಂಗಾದ್ರ ನಡೀತದ?" ಅಂದಳು. ನಡೆಯುತ್ತದೆ, ಅದೇ ಸರಿಯಾದ ರೀತಿ. ಅರವತ್ತು ದಾಟಿದ ಮೇಲೆ, ತನ್ನ ತೊಡೆ ಸಾಲದು ಅನ್ನುವುದನ್ನು ಹೀಗೆ ನಿಂತ ನಿಲುವಿನಲ್ಲಿ ಒಪ್ಪಿಕೊಂಡವಳನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಗೊಂಬೆಗಿಂತ, ಆ ಹಳಿ ಬಂಡಿಗಿಂತ ಹೆಚ್ಚು ಬೆರಗಾದದ್ದು ನನಗೆ ಅವತ್ತೇ.

ಬೇಸಿಗೆಯಲ್ಲಿ ಮದುವೆಗೆಂದು ಊರಿಗೆ ಹೋದೆವು, ಅದೇ ಕಾರಿನಲ್ಲಿ, ಅದೇ ಸೀಟು ಇಟ್ಟುಕೊಂಡು. ಮದುವೆ ಬಾಗಲಕೋಟೆಯಲ್ಲಿ. ಬೆಳಿಗ್ಗೆ ಹೊರಟಾಗ ಮುಂದೆ ನಮ್ಮವರ ಪಕ್ಕ ಮೊಣಕಾಲು ನೋವಿನ ಅಪ್ಪ, ಹಿಂದೆ ಕಣ್ಣು ಕಾಣದ ಅಜ್ಜಿ, ನಾನು, ಪುಟ್ಟಿಯ ಸೀಟು. ಹೊಸ ಸೀರೆ ಉಟ್ಟು ಬಂದ ದೊಡ್ಡವ್ವನಿಗೆ ಜಾಗವಿಲ್ಲ.

"ಆ ಕುರ್ಚಿ ಕಿತ್ತು ಡಿಕ್ಕಿಯಾಗ ಒಗೀರಿ" ಅಂದರು ಅಪ್ಪ. "ನಿನ್ನ ಬೆಳೆಸಿದಾಕಿ ರಸ್ತೇದಾಗ ನಿಲ್ಲಬೇಕೇನು? ಕೂಸು ಆಕಿ ತೊಡಿ ಮ್ಯಾಲೆ ಬರತದ. ಬೆಂಗಳೂರಾಕಿ ಆದಿ ನೋಡ ನೀ!"

ಬೆಂಗಳೂರಿನಲ್ಲಿ ನಾನು ಆ ಕಡೆಯವಳು, ಇಲ್ಲಿ ಬೆಂಗಳೂರಾಕಿ. "ನಾನ ಟಂಟಂನಾಗ ಬರತೀನಿ, ದೊಡ್ಡವ್ವ ಕುಂದರ್ಲಿ" ಅಂತ ಇಳಿಯಲು ಹೋದೆ. ದೊಡ್ಡವ್ವ ಹೊರಗಿನಿಂದ ಬಾಗಿಲು ತಳ್ಳಿ ಹಿಡಿದಳು. "ಕೂಸಿನ ಬಾಜೂಕ ತಾಯಿ ಇರಬೇಕು. ಕುಂದ್ರು." ಕಿಟಕಿಯಿಂದ ಕೈ ಹಾಕಿ ಪುಟ್ಟಿಯ ಭುಜದ ಪಟ್ಟಿಯನ್ನೊಮ್ಮೆ ಚಿವುಟಿ ನೋಡಿದಳು, ತಲೆ ಸವರಿದಳು, ಸೆರಗು ಸುತ್ತಿಕೊಂಡು ಟಂಟಂ ಕಡೆ ನಡೆದಳು.

ಕಾರು ಹೊರಟಿತು. ನಾವೆಲ್ಲ ಮುಂದೆ ನೋಡುತ್ತಿದ್ದೆವು, ಪುಟ್ಟಿ ಒಬ್ಬಳೇ ಹಿಂದಿನ ಗಾಜಿನತ್ತ. "ಆಯಿ! ಆಯಿ!" ಅಂತ ಕೈ ಬಡಿದು ಕೇಕೆ ಹಾಕಿದಳು. ತಿರುಗಿದರೆ, ಜನ ತುಂಬಿದ ಟಂಟಂನ ಅಂಚಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು ದೊಡ್ಡವ್ವ ಬರುತ್ತಿದ್ದಳು, ಇನ್ನೊಂದು ಕೈ ಬೀಸುತ್ತಾ. ಗಾಡಿ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಮಗಳ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು, ಬಾಗಲಕೋಟೆ ಬರುವ ತನಕ ಅಳುತ್ತಾ ಕೂತೆ.