ರಂಗಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ನಾನು ಸುಳ್ಳು ಹೇಳಿದೆ. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಗ್ರಾಮಸಭೆಯ ನಟ್ಟನಡುವೆ, ಎಲ್ಲರೂ ನಂಬಿ ನನ್ನ ಮುಖವನ್ನೇ ನೋಡುತ್ತಿದ್ದಾಗ — ಒಂದೇ ಒಂದು ವಾಕ್ಯ. ನಾಲಿಗೆ ತಡವರಿಸಿದ್ದಲ್ಲ, ಇಂಗ್ಲಿಷ್ ತಿಳಿಯದೆ ಆದದ್ದೂ ಅಲ್ಲ. ಮಾಂಬಳ್ಳಿ ಕಡೆಯ ಮಕ್ಕಳಿಗೆ ನಿವೃತ್ತನಾಗುವವರೆಗೂ ಇಂಗ್ಲಿಷ್ ಕಲಿಸಿದ ಮೇಷ್ಟ್ರು ನಾನು. ತಿಳಿದೇ ಹೇಳಿದೆ.

ಅನುಮಾನವೆಂಬುದು ಭಗವಂತ ನನಗೆ ವಿಶೇಷವಾಗಿ ದಯಪಾಲಿಸಿದ ಇಂದ್ರಿಯವೆಂದು ಬಹುಕಾಲ ಬೀಗಿದ್ದೆ. ಯಳಂದೂರಿನಲ್ಲಿ ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಒಳಗೆ ಕೂತವರನ್ನೂ ವಿಚಾರಿಸಿದ ಮೇಲೆಯೇ ಹತ್ತುವವನು. "ಅತ್ತಿ ಸಾ, ಬೆಟ್ಟಕ್ಕೇ ಓಯ್ತದೆ. ನಿಮ್ಗೆ ಸುಳ್ಳೇಳಿ ನಂಗೇನ್ ಆಗ್ಬೇಕು?" ಎಂದು ಕಂಡಕ್ಟರು ಬೇಸತ್ತು ಹೇಳಿದರೆ, ಇವನು ಇಷ್ಟು ಒತ್ತಿ ಏಕೆ ಹೇಳುತ್ತಾನೆ ಎಂದು ಇನ್ನೊಂದು ಅನುಮಾನ.

ಅಂದು ಪೋಡಿಗೆ ಬಂದವಳು ಕನ್ನಡ ಬಾರದ, ಒಂದು ಕಂಪನಿಯ ಹುಡುಗಿ. ಕಾಡು ತನ್ನೊಳಗೆ ಇಂಗಾಲ ಹಿಡಿದಿಡುತ್ತದಂತೆ. ಸೋಲಿಗರು ಆ ಕಾಡನ್ನು ನೋಡಿಕೊಂಡರೆ ದೂರದ ಕಾರ್ಖಾನೆಗಳು ಅದಕ್ಕೆ ಬೆಲೆ ಕೊಡುತ್ತವಂತೆ. ಓದಿದ ಹುಡುಗರು ಊರಲ್ಲಿರಲಿಲ್ಲ. ಆ ಹುಡುಗಿಯ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು, ಪೋಡಿನ ಹಿರಿಯಳಾದ ರಂಗಮ್ಮ ನನ್ನನ್ನು ಕರೆಸಿದ್ದಳು. ಅವಳ ಮಕ್ಕಳಿಗೆ ಪಾಠ ಹೇಳಿದ ಸಲುಗೆ.

ಆ ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು — ನನಗೆ ಅನುಮಾನ ಬಂತು. ಕೊಟ್ಟ ಮುದ್ದೆಯನ್ನು ಅಗಿಯದೆ ನುಂಗಿದಳು — ಅನುಮಾನ ಬಲವಾಯಿತು. ಇಷ್ಟು ತರಬೇತಿ ಕೊಟ್ಟು ಕಳಿಸಿದ್ದಾರೆಂದರೆ ಕಾಡನ್ನೇ ಎತ್ತಿಕೊಂಡು ಹೋಗಲು ಬಂದವರೇ ಸರಿ! ಕಣ್ಣಿಗೆ ಕಾಣದ ವಸ್ತುವಿಗೆ ಬೆಲೆ ಕಟ್ಟುವವರನ್ನು ನಾನು ದೇವಸ್ಥಾನಗಳಲ್ಲಿ ಮಾತ್ರ ಕಂಡಿದ್ದೆ.

ರಂಗಮ್ಮನಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. ಅವಳ ಹಿರಿಯರು ಬೇಸಿಗೆ ಏರುವ ಮೊದಲೇ ಒಣ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅರಣ್ಯ ಇಲಾಖೆ ಅದನ್ನು ನಿಲ್ಲಿಸಿ ವರ್ಷಗಳಾಗಿ, ಲಂಟಾನದ ಪೊದೆ ಆಳೆತ್ತರ ಬೆಳೆದು, ಗೆಣಸು ಅಗೆಯುವ ಜಾಗವೂ ಕುಲದೇವರ ದಾರಿಯೂ ಮುಚ್ಚಿಹೋಗಿದ್ದವು. ಅವಳು ಕೇಳಿದಳು:

"ಮೇಷ್ಟ್ರೇ, ನಾವು ಮೊದ್ಲಂಗೆ ತರಗಿಗೆ ಬೆಂಕಿ ಆಕುದ್ರೆ ಇವ್ರು ಅಡ್ಡ ಬತ್ತರಾ? ಸರ್‍ಯಾಗಿ ಕೇಳಿ."

ಸರಿಯಾಗಿಯೇ ಕೇಳಿದೆ. ಹುಡುಗಿಯ ಉತ್ತರವೂ ಸರಿಯಾಗಿಯೇ ಇತ್ತು: ಬೆಂಕಿ ಎಲ್ಲಿ, ಯಾವಾಗ ಎನ್ನುವುದು ಗ್ರಾಮಸಭೆಯ ತೀರ್ಮಾನ; ಅರಣ್ಯ ಇಲಾಖೆಯ ಅನುಮತಿಯನ್ನು ಜೊತೆಗೂಡಿ ಕೇಳೋಣ; ಮೊದಲು ಸಣ್ಣ ಜಾಗದಲ್ಲಿ ಮಾಡಿ ನೋಡಿ, ಬೇಡವೆನಿಸಿದರೆ ಬಿಟ್ಟುಬಿಡಿ.

ನಾನು ರಂಗಮ್ಮನ ಕಡೆ ತಿರುಗಿದೆ. "ಬೆಂಕಿ ಅನ್ನೋ ಮಾತೇ ಎತ್ತಬಾರದಂತೆ, ಕಾಡೊಳಗೆ ಏನು ಮಾಡೋದಕ್ಕೂ ಇವರ ಅಪ್ಪಣೆ ಬೇಕಂತೆ."

ಯಾರೋ ಹಿಂದಿನಿಂದ, "ನಮ್ ಕಾಡ್ಗೆ ಇವಳ್ಯಾವಳ್ಲಾ ಅಪ್ಪಣೆ ಕೊಡೋಳು?" ಎಂದರು. ರಂಗಮ್ಮ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಆ ಹುಡುಗಿ ನನ್ನ ಮುಖ ನೋಡಿದಳು — ಏನಾಯಿತು ಎಂದು ಕೇಳುವಂತೆ. ನಾನು ಮೇಷ್ಟ್ರ ಗಾಂಭೀರ್ಯದಿಂದ, ಅವರಿಗೆ ಇಷ್ಟವಿಲ್ಲ ಎಂದೆ. ಅದೂ ಸುಳ್ಳೇ ಅಲ್ಲವೇ? ಒಂದೇ ವಾಕ್ಯ ಎಂದು ಮೇಲೆ ಬರೆದೆ. ಎರಡಾಯಿತು.

ಎರಡು ಬೇಸಿಗೆ ಕಳೆದ ಮೇಲೆ ಲಂಟಾನಕ್ಕೆ ಹತ್ತಿದ ಬೆಂಕಿ ಮರದ ತುದಿ ಮುಟ್ಟಿತು. ರಂಗಮ್ಮನ ಪೋಡಿನವರು ಕಾಯಿ ಕೀಳುತ್ತಿದ್ದ ನೆಲ್ಲಿಮರಗಳು ಸುಟ್ಟವು. ಆ ಯೋಜನೆ ಬಂದಿದ್ದರೆ ಅವು ಉಳಿಯುತ್ತಿದ್ದವೋ, ಕಂಪನಿಯವರು ಮಾತು ತಪ್ಪುತ್ತಿದ್ದರೋ — ನನಗೆ ಗೊತ್ತಿಲ್ಲ. ಅವರ ಮೇಲಿನ ಅನುಮಾನ ಇವತ್ತಿಗೂ ಹೋಗಿಲ್ಲ. ಆದರೆ ನಾನು ಅವರನ್ನಷ್ಟೇ ಅನುಮಾನಿಸಲಿಲ್ಲ. ಒಳ್ಳೆಯದು ಕೆಟ್ಟದ್ದು ತೂಗಿ, ಬೇಡ ಎನ್ನಲು ರಂಗಮ್ಮನಿಗೆ ಬರುತ್ತದೆ ಎಂಬುದನ್ನೇ — ಅದನ್ನೇ ನಾನು ನಂಬಲಿಲ್ಲ.

ಹೋದ ವಾರ ರಂಗಮ್ಮ ಯಳಂದೂರಿಗೆ, ನಮ್ಮ ಮನೆಗೇ ಬಂದಿದ್ದಳು. ಜಗುಲಿಯ ಮೇಲೆ ಕೂತು ಹೇಳಿದಳು:

"ಇನ್ಯಾರೋ ಬತ್ತಾವ್ರಂತೆ ಮೇಷ್ಟ್ರೇ, ಅದೇ ಇಂಗಾಲದೋರು. ಮಾತು ತಿರುಗ್ಸಿ ಏಳಾಕೆ ನೀವೇ ಬರ್ಬೇಕು. ಓದಿರೋ ಐಕ್ಳು ಇದ್ರೂವೆ ನಂಗೆ ನೀವೇ ಬೇಕು. ಅವತ್ತು ನೀವಿಲ್ದಿದ್ರೆ ನಮ್ ಕೈ ಕಟ್ಟಾಕ್ಬುಡೋರು."

ನಾನು ಹೂಂ ಎಂದೆ. ಬೇರೇನೋ ಹೇಳಬೇಕಿತ್ತು — ಹೂಂ ಎಂದೆ.

ನಾಳೆ ಸಭೆ. ಬಂದವರು ಬಾಯಿ ತೆರೆಯುವ ಮೊದಲೇ, ಆ ಹುಡುಗಿ ಅಂದು ನಿಜವಾಗಿ ಹೇಳಿದ್ದನ್ನು ಎಲ್ಲರೆದುರು, ಒಂದು ಪದವೂ ಬಿಡದೆ ರಂಗಮ್ಮನಿಗೆ ಹೇಳುತ್ತೇನೆ. ಆಮೇಲೆ ನನ್ನನ್ನು ಕೂರಿಸಿಕೊಳ್ಳುವುದೋ, ಎಬ್ಬಿಸಿ ಕಳಿಸುವುದೋ — ತೀರ್ಮಾನ ಅವರದು. ಅಂದೂ ಅದು ಅವರದೇ ಆಗಿತ್ತು.